ಕಟ್ಟೆಯ ಮೇಲಿಟ್ಟ ಕೋಲು

ಜೋಗುಪಾಳ್ಯ
28 ಜುಲೈ 2024

ಅತ್ತೆಗೆ ಜೈಭೀಮ್.

ಪುಸ್ತಕ ಬಂತು. ನೀವು ಬಟ್ಟೆಯಲ್ಲಿ ಸುತ್ತಿ ಹೊಲಿದು ಕಳಿಸಿದ್ದರಿಂದ ಅಪ್ಪ ಅದನ್ನು ಫ್ರೇಮ್ ಹಾಕಿಸಲು ಯಾರೋ ಕೊಟ್ಟುಹೋದ ಫೋಟೋ ಎಂದುಕೊಂಡು ಅಂಗಡಿಯಲ್ಲಿ ಗಾಜಿನ ಹಿಂದೆ ಇಟ್ಟುಬಿಟ್ಟಿದ್ದ. ಯಾರೂ ಕೇಳಿಕೊಂಡು ಬರದಿದ್ದಾಗ ತಿರುಗಿಸಿ ನೋಡಿದರೆ ನನ್ನ ಹೆಸರು.

ನೀವು ಹೇಳಿದ ಹಾಗೆ ವಾಟ್ಸಾಪ್ ಮಾಡದೆ ಕಾಗದವನ್ನೇ ಬರೆಯುತ್ತಿದ್ದೇನೆ. ಭಾನುವಾರ ಸಂಜೆ ಹುಡುಗಿಯರೆಲ್ಲ ಮನೆಗೆ ಕಾಗದ ಬರೆಯಬೇಕು ಎನ್ನುವ ನಿಮ್ಮ ಹಾಸ್ಟೆಲಿನ ಕಾನೂನು ಸುರಪುರದಿಂದ ಬೆಂಗಳೂರಿನವರೆಗೂ ನಡೆಯುತ್ತದೆಂದು ನನಗೆ ಗೊತ್ತಿರಲಿಲ್ಲ. ಶಿವಾಜಿನಗರದಿಂದ ಬರುವ ನನ್ನ ಕ್ಲಾಸಿನ ಸಿದ್ರಾ ಇದನ್ನು ನೋಡಿ, "ಲೆಟರ್ರಾ? ಯಾರ್‌ಗೆ ಮಗಾ?" ಅಂದಳು. ನಮ್ಮ ಅತ್ತೆಗೆ, ಹಾಸ್ಟೆಲ್ ವಾರ್ಡನ್ ಅಂದೆ. "ಪಾಪ" ಅಂದಳು. ಯಾರಿಗೆ ಪಾಪ ಅಂತ ಹೇಳಲಿಲ್ಲ.

ಈಗ ಕಾದಂಬರಿಯ ವಿಷಯ. ಐವತ್ತು ಪುಟ ಆಯಿತು. ಹತ್ತು ವರ್ಷದ ಚೆನ್ನಿ ಕಥೆ ಹೇಳುತ್ತಾಳೆ. ಅವಳ ಅಪ್ಪ ಬೈಲಪ್ಪ ಊರಿನ ನೀರುಗಂಟಿ. ಕೆರೆಯ ತೂಬು ಎತ್ತಿ, ಇವತ್ತು ಯಾರ ಗದ್ದೆಗೆ ನೀರು, ನಾಳೆ ಯಾರದ್ದಕ್ಕೆ ಎಂದು ಸರದಿ ತಪ್ಪದಂತೆ ಬಿಡುವವನು. ಊರಿಗೆಲ್ಲ ನೀರು ಹಂಚುವವನ ಹೆಂಡತಿ ಮಕ್ಕಳು ಕುಡಿಯುವ ನೀರಿಗೆ ಮಾತ್ರ ಬಾವಿಯಿಂದ ದೂರ ನಿಂತು, ಯಾರಾದರೂ ಸೇದಿ ಹಾಕುವವರೆಗೆ ಕಾಯಬೇಕು. ಇದನ್ನು ಚೆನ್ನಿ ಹಬ್ಬದ ಅಡುಗೆಯ ಸುದ್ದಿ ಹೇಳಿದಷ್ಟು ಸಲೀಸಾಗಿ ಹೇಳಿಬಿಡುತ್ತಾಳೆ. ನನಗೆ ಸಿಟ್ಟು ಬಂದದ್ದು ಅದಕ್ಕೇ. ಅವಳಿಗೆ ಯಾಕೆ ಸಿಟ್ಟು ಬರುವುದಿಲ್ಲ?

ಇನ್ನೊಂದು ಸುದ್ದಿ. ನವೆಂಬರ್ ಕೊನೆಗೆ ಕಾಲೇಜಿನಲ್ಲಿ ಕನ್ನಡ ಹಬ್ಬ. ಕನ್ನಡದ ರೇವತಿ ಮೇಡಂ ಹುಡುಗಿಯರ ತಮಟೆ ತಂಡ ಕಟ್ಟುತ್ತಿದ್ದಾರೆ. ನಾನೂ ಸಿದ್ರಾನೂ ಹೆಸರು ಕೊಟ್ಟಿದ್ದೇವೆ. ಮೊದಲನೇ ದಿನವೇ ನನ್ನ ಕೈಗೆ ಹತ್ತಿಬಿಟ್ಟಿತು ಅತ್ತೆ. ಕಲಿಸುವ ಮೇಷ್ಟ್ರು ನಿಂತು ನೋಡಿ, "ನಿಮ್ ಮನೇಲಿ ಯಾರಾದ್ರೂ ಬಾರಿಸ್ತಿದ್ರಾ?" ಅಂತ ಕೇಳಿದರು. ಇಲ್ಲ ಸಾರ್, ನಮ್ಮಪ್ಪಂದು ಫ್ರೇಮ್ ಅಂಗಡಿ ಅಂದೆ. ಬಾರಿಸಿ ಮನೆಗೆ ಬಂದ ದಿನ ನನಗೆ ಬಹಳ ಖುಷಿಯಾಗಿರುತ್ತದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಇಂತಿ,
ಹೇಮಶ್ರೀ


ಸುರಪುರ
4 ಆಗಸ್ಟ್ 2024

ಹೇಮಾ,

ನಿನ್ನ ಕಾಗದವನ್ನು ಹುಡುಗಿಯರ ಎದುರಿಗೇ ಒಡೆದೆ. ವಾರ್ಡನ್ನಿಗೂ ಕಾಗದ ಬರುತ್ತದೆ ಎಂದು ಅವರಿಗೆ ಗೊತ್ತಾಗಲಿ ಎಂದು. ಈಗ ನನ್ನ ಸುತ್ತ ಎಲ್ಲರೂ ಪೆನ್ನು ಕಚ್ಚಿಕೊಂಡು ಕೂತಿದ್ದಾರೆ. ಆರನೇ ಕ್ಲಾಸಿಗೆ ಹೊಸದಾಗಿ ಸೇರಿದ ಜಟ್ಟೆಮ್ಮ ಎನ್ನುವವಳು ಬರೆದು ತಂದು ತೋರಿಸಿದಳು: "ಅವ್ವಾ, ಇಲ್ಲಿ ಎಲ್ಲಾ ಛಲೋ ಅದ. ಊಟ ಛಲೋ ಅದ. ಮ್ಯಾಡಮ್ಮೂ ಛಲೋ ಇದಾರ. ಲಗೂನೇ ಬಂದು ಕರ್ಕೊಂಡು ಹೋಗು." ಇಷ್ಟು ಚೆನ್ನಾಗಿ ಕಾಗದ ಬರೆಯಲು ನನಗೆ ಈ ವಯಸ್ಸಿಗೂ ಬರುವುದಿಲ್ಲ.

ಚೆನ್ನಿಗೆ ಯಾಕೆ ಸಿಟ್ಟು ಬರುವುದಿಲ್ಲ ಅಂತ ಕೇಳಿದ್ದೀಯ. ಹುಟ್ಟಿದಾಗಿನಿಂದ ನೋಡುತ್ತಾ ಬಂದದ್ದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ ಕಂದ. ನಾನೂ ನಮ್ಮೂರಲ್ಲಿ ಅಂಥ ಬಾವಿಯ ಹತ್ತಿರ ನಿಂತವಳೇ. ನೀರಿನ ಸರದಿ ಬರುವತನಕ ಕುಂಟಾಬಿಲ್ಲೆ ಆಡುತ್ತಿದ್ದೆವು. ಆಟ ಚೆನ್ನಾಗಿ ನಡೆದ ದಿನ ಬೇಗ ನೀರು ಹಾಕಿದರೆ ಬೇಜಾರಾಗುತ್ತಿತ್ತು. ಸಿಟ್ಟು ಬಂದದ್ದು ಆಮೇಲೆ. ಅವಳಿಗೂ ಬರುತ್ತದೆ, ತಡೆದುಕೊ. ಕೊನೆಯ ಪುಟವನ್ನು ಮೊದಲು ಓದುವ ನಿನ್ನ ಚಾಳಿ ನನಗೆ ಗೊತ್ತು. ಈ ಪುಸ್ತಕದಲ್ಲಿ ಅದರಿಂದ ಏನೂ ಸಿಗುವುದಿಲ್ಲ.

ಅಣ್ಣನ ಕೆಮ್ಮು ಹೇಗಿದೆ? ಮರ ಕೊಯ್ಯುವಾಗ ಬಾಯಿಗೆ ಬಟ್ಟೆ ಕಟ್ಟಿಕೋ ಎಂದು ಹೇಳು. ನಾನು ಹೇಳಿದೆ ಎಂದು ಹೇಳಬೇಡ, ಆಗ ಕಟ್ಟಿಕೊಳ್ಳುವುದಿಲ್ಲ.

ನಿನ್ನ ಅತ್ತೆ,
ಯಶೋದಮ್ಮ


ಜೋಗುಪಾಳ್ಯ
25 ಆಗಸ್ಟ್ 2024

ಅತ್ತೆಗೆ,

ಅರ್ಧ ಪುಸ್ತಕ ಮುಗಿಯಿತು. ನನಗೆ ಬೈಲಪ್ಪ ಒಂದು ಚೂರೂ ಇಷ್ಟವಾಗಲಿಲ್ಲ. ಪಟೇಲ ತನ್ನ ಕಬ್ಬಿಗೆ ಸರದಿ ಬಿಟ್ಟು ನೀರು ಬಿಡು ಅನ್ನುತ್ತಾನೆ. ಮುಂದಿನ ಅಧ್ಯಾಯಕ್ಕೆ ಬಂದರೆ ತೂಬು ಎತ್ತುವ ಕೋಲು ಬೇರೆ ಯಾರದೋ ಕೈಯಲ್ಲಿದೆ, ಬೈಲಪ್ಪ ಮನೆಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದಾನೆ. ನೀರುಗಂಟಿಯನ್ನು ಕಿತ್ತುಹಾಕಿದರಂತೆ ಎಂದು ಊರೆಲ್ಲ ಮಾತಾಡುತ್ತದೆ. ಚೆನ್ನಿ ಅಳುತ್ತಾ ಕೇಳಿದರೆ ಅವನು ಹೇಳುವುದು ಒಂದೇ ಮಾತು: "ಉಣ್ಣು." ಒಬ್ಬ ಮನುಷ್ಯ ಇಷ್ಟು ಅನ್ಯಾಯವನ್ನು ಒಂದು ಮಾತೂ ಆಡದೆ ನುಂಗಿಕೊಳ್ಳುತ್ತಾನಾ? ಈಗ ಚೆನ್ನಿಗೆ ಸಿಟ್ಟು ಬಂದಿದೆ, ಆದರೆ ಅಪ್ಪನ ಮೇಲೆ. ನನಗೂ ಅವನ ಮೇಲೆಯೇ.

ಇದನ್ನು ಬರೆಯುವುದಕ್ಕೆ ಇನ್ನೊಂದು ಕಾರಣ ಇದೆ. ನಾನು ಅಪ್ಪನಿಗೆ ತಮಟೆಯ ವಿಷಯ ಹೇಳಿದೆ. ಮೇಡಂ ಅವತ್ತು ತಾನೇ ನಮ್ಮ ಕಾರ್ಯಕ್ರಮ ಏನು ಅಂತ ತಿಳಿಸಿದ್ದರು. ಮುಖ್ಯ ಅತಿಥಿಗಳ ಕಾರು ಬಂದ ತಕ್ಷಣ ನಾವು ಗೇಟಿನ ಎರಡೂ ಬದಿ ನಿಂತು ಬಾರಿಸಬೇಕು, ಆಮೇಲೆ ಕಾರಿನ ಮುಂದೆ ಬಾರಿಸಿಕೊಂಡು ಸಭಾಂಗಣದ ಬಾಗಿಲಿನತನಕ ಹೋಗಬೇಕು. ನಾನು ಕುಣಿಯುತ್ತಾ ಅಂಗಡಿಗೆ ಹೋಗಿ ಇದನ್ನೆಲ್ಲ ಹೇಳಿದೆ. ಅಪ್ಪ ಗಾಜು ಕೊಯ್ಯುತ್ತಿದ್ದ. ಗಾಜು ಅಡ್ಡಡ್ಡ ಸೀಳಿಹೋಯಿತು. ಅಪ್ಪನ ಕೈಯಲ್ಲಿ ಹಾಗಾದದ್ದನ್ನು ನಾನು ನೋಡಿಯೇ ಇರಲಿಲ್ಲ.

"ಗೇಟಲ್ಲಾ?" ಅಂದ.

"ಹೂಂ."

"ಬೇಡ."

ಅಷ್ಟೇ. ಚೂರುಗಳನ್ನು ಪೇಪರಿನಲ್ಲಿ ಸುತ್ತಿ ಪಕ್ಕಕ್ಕಿಟ್ಟು ಬೇರೆ ಗಾಜು ತೆಗೆದುಕೊಂಡ. ಅಮ್ಮನನ್ನು ಪೀಡಿಸಿದೆ. "ಒಂದು ಕಾಲ್ದಲ್ಲಿ ನಿಮ್ಮಪ್ಪ ಬಾರಿಸ್ತಿದ್ರಂತೆ ಕಣೆ. ಸುತ್ತಮುತ್ತ ಹಂಗೆ ಬಾರಿಸೋರೇ ಇರ್ಲಿಲ್ವಂತೆ. ನಾನು ಮದ್ವೆ ಆಗಿ ಬಂದಾಗ್ಲೇ ಬಿಟ್ಬಿಟ್ಟಿದ್ರು" ಅಂದಳು. ಅಮ್ಮನಿಗೂ ಅದರಾಚೆ ಗೊತ್ತಿಲ್ಲ.

ಹಾಗಾದರೆ ನನ್ನ ಕೈಗೆ ಬಂದದ್ದು ಅಲ್ಲಿಂದ. ಅಪ್ಪ ಅದನ್ನು ನನ್ನಿಂದ ಮುಚ್ಚಿಟ್ಟಿದ್ದಾನೆ. ಅವನ ಅಂಗಡಿಯಲ್ಲಿ ಬುದ್ಧ, ಬಾಬಾಸಾಹೇಬರು, ಮೇರಿಯಮ್ಮ, ಮೆಕ್ಕಾ, ಮುರುಗ ಎಲ್ಲರಿಗೂ ಜಾಗ ಇದೆ, ನಮ್ಮ ತಮಟೆಗೆ ಮಾತ್ರ ಇಲ್ಲ. ಅಪ್ಪನಿಗೆ ನಾಚಿಕೆ ಅತ್ತೆ. ನಾನು ತಮಟೆ ಬಿಡಬೇಕಾ, ಅಪ್ಪನ ಮಾತು ಮೀರಬೇಕಾ ಎಂದು ತಿಳಿಯದೆ ಒದ್ದಾಡುತ್ತಿದ್ದೇನೆ.

ನಿಮಗೂ ಇದೆಲ್ಲ ಗೊತ್ತಿತ್ತು. ನಾನು ಹೋದ ಸಲ ತಮಟೆಯ ಬಗ್ಗೆ ಅಷ್ಟು ಬರೆದರೆ ನೀವು ಕೆಮ್ಮಿನ ಬಗ್ಗೆ ಬರೆದಿರಿ.

ಹೇಮಶ್ರೀ


ಸುರಪುರ
1 ಸೆಪ್ಟೆಂಬರ್ 2024

ಹೇಮಾ,

ಗೊತ್ತಿತ್ತು. ನಿನ್ನ ಅಪ್ಪನಿಗೆ ನಾನೊಂದು ಮಾತು ಕೊಟ್ಟಿದ್ದೇನೆ. "ಮಕ್ಳು ಅವರ ಪಾಡಿಗೆ ಬೆಳೀಲಿ, ನಮ್ ಸಿಟ್ಟನ್ನ ಅವರ ತಲೆ ಮೇಲೆ ಹೊರಿಸೋದು ಬೇಡ" ಎಂದು ಅವನು ಕೇಳಿಕೊಂಡಿದ್ದ. ಅದಕ್ಕೆ ಸುಮ್ಮನಿದ್ದೇನೆ. ನಿನ್ನ ಅಪ್ಪನಿಗೆ ನಾಚಿಕೆ ಇಲ್ಲ, ಯಾವತ್ತೂ ಇರಲಿಲ್ಲ. ಇಷ್ಟನ್ನು ಹೇಳಿದರೆ ಮಾತು ತಪ್ಪಿದಂತಾಗುವುದಿಲ್ಲ.

ಪುಸ್ತಕದ ಬಗ್ಗೆ ಮಾತಾಡಲು ನನಗೆ ಯಾರ ಅಪ್ಪಣೆಯೂ ಬೇಡ. ಎಂಟನೇ ಅಧ್ಯಾಯದ ಕೊನೆಯ ಪುಟವನ್ನು ನೀನು ಹಾರಿಸಿ ಓದಿದ್ದೀಯ. ಸಿಟ್ಟಿನಲ್ಲಿ ಓದುವವರು ಪುಟ ಬೇಗ ಮಗುಚುತ್ತಾರೆ. ಚೆನ್ನಿಗೆ ಹತ್ತು ವರ್ಷ, ಅವಳು ಕಂಡಷ್ಟನ್ನು ಬರೆದಿದ್ದಾಳೆ. ನಿನಗೆ ಹದಿನೇಳು. ಅವಳು ಕಂಡದ್ದನ್ನು ಅವಳಿಗಿಂತ ಚೆನ್ನಾಗಿ ನೋಡುವುದು ನಿನ್ನ ಕೆಲಸ.

ಉಳಿದದ್ದನ್ನು ಅಣ್ಣನನ್ನೇ ಕೇಳು. ಎದುರು ಕೂರಿಸಿಕೊಂಡು ಕೇಳಬೇಡ. ಅವನ ಕೈ ಕೆಲಸದಲ್ಲಿರುವಾಗ ಕೇಳು.

ಯಶೋದಮ್ಮ


ಸುರಪುರ
22 ಸೆಪ್ಟೆಂಬರ್ 2024

ಹೇಮಾ,

ಮೂರು ಭಾನುವಾರ ಆಯಿತು, ನಿನ್ನ ಕಾಗದ ಇಲ್ಲ. ಕೋಪವೋ ಪರೀಕ್ಷೆಯೋ ತಿಳಿಯದು. ಫೋನು ಮಾಡಿದರೆ ಅಣ್ಣ "ಎಲ್ಲಾ ಚೆನ್ನಾಗೌರೆ" ಅಂದ. ಅವನು ಯಾವಾಗಲೂ ಅಷ್ಟೇ ಹೇಳುವುದು.

ಜಟ್ಟೆಮ್ಮನ ಅವ್ವ ಬಂದಿದ್ದಳು. ಕರೆದುಕೊಂಡು ಹೋಗಲು ಬಟ್ಟೆ ಗಂಟು ಕಟ್ಟಿದರೆ ಈ ಹುಡುಗಿ, "ಇವತ್ತ್ ಬ್ಯಾಡವಾ, ನಾಳಿ ಕೊಕ್ಕೋ ಮ್ಯಾಚ್ ಅದ" ಎಂದು ಅವಳನ್ನೇ ಬಸ್ಸು ಹತ್ತಿಸಿ ಕಳಿಸಿದಳು. ಅವ್ವ ಹೋಗುವಾಗ ನನ್ನನ್ನು ನೋಡಿದ ನೋಟ ನೀನು ನೋಡಬೇಕಿತ್ತು, ಏನೋ ಮಾಟ ಮಾಡಿಸಿದ್ದೇನೆ ಎನ್ನುವ ಹಾಗೆ.

ನೀನು ಏನು ಬರೆದರೂ ಸರಿ, ಬೈದಾದರೂ ಬರೆ. ನಿನ್ನ ಕಾಗದ ಬರದೆ ನನ್ನ ಭಾನುವಾರ ಸಪ್ಪೆಯಾಗಿದೆ.

ಯಶೋದಮ್ಮ


ಜೋಗುಪಾಳ್ಯ
29 ಸೆಪ್ಟೆಂಬರ್ 2024

ಅತ್ತೆಗೆ,

ಪರೀಕ್ಷೆ ಇತ್ತು. ಕೋಪವೂ ಇತ್ತು. ಪುಸ್ತಕವನ್ನು ಬೀರುವಿನ ಮೇಲೆ ಹಾಕಿದ್ದೆ, ಇವತ್ತು ಇಳಿಸಿದೆ.

ಹೇಮಾ


ಜೋಗುಪಾಳ್ಯ
13 ಅಕ್ಟೋಬರ್ 2024

ಅತ್ತೆಗೆ ಜೈಭೀಮ್.

ನೀವು ಹೇಳಿದ ಪುಟ ಓದಿದೆ. ಬೈಲಪ್ಪ ಹಾಡಹಗಲು, ಪಟೇಲನೂ ಊರವರೂ ಕೂತಿದ್ದ ಅರಳಿಕಟ್ಟೆಯ ಹತ್ತಿರ ಬಂದು, ತೂಬಿನ ಕೋಲನ್ನು ಕಟ್ಟೆಯ ಮೇಲಿಟ್ಟು, ಮಗಳ ಕೈ ಹಿಡಿದುಕೊಂಡು ಮನೆಗೆ ಬರುತ್ತಾನೆ. ಅಪ್ಪ ಅವತ್ತು ದಾರಿಯಲ್ಲಿ ಸಿಳ್ಳೆ ಹಾಕಿದ ಎಂದು ಚೆನ್ನಿ ಬರೆದಿದ್ದಾಳೆ. ಅವನನ್ನು ಯಾರೂ ಕಿತ್ತುಹಾಕಿರಲಿಲ್ಲ. ಸರದಿ ತಪ್ಪಿಸಿ ನೀರು ಬಿಡುವುದಕ್ಕಿಂತ ಕೋಲನ್ನೇ ಬಿಟ್ಟಿದ್ದ. ಕಿತ್ತುಹಾಕಿದರು ಎಂದು ಸುದ್ದಿ ಹಬ್ಬಿಸಿದ್ದು ಪಟೇಲನ ಕಡೆಯವರು, ಚೆನ್ನಿ ಅದನ್ನೇ ನಂಬಿದಳು, ನಾನು ಚೆನ್ನಿಯನ್ನು ನಂಬಿದೆ. ಬೈಲಪ್ಪನಿಗೆ ಬೈದದ್ದನ್ನೆಲ್ಲ ವಾಪಸ್ ತೆಗೆದುಕೊಂಡಿದ್ದೇನೆ. ಅವನು "ಉಣ್ಣು" ಅಂದದ್ದಕ್ಕೆ ಮಾತ್ರ ಇನ್ನೂ ಸಿಟ್ಟಿದೆ. ಮಗಳಿಗಾದರೂ ಹೇಳಬಹುದಿತ್ತು.

ಮಾರನೇ ದಿನ ಮಧ್ಯಾಹ್ನ ಅಂಗಡಿಗೆ ಹೋದೆ. ಸಿದ್ರಾಳ ಅಜ್ಜಿ ಶರ್ಫುನ್ನೀಸಾ ಅವರ ಹಜ್ ಯಾತ್ರೆಯ ಫೋಟೋಗೆ ಅಪ್ಪ ಚೌಕಟ್ಟು ಕೂಡಿಸುತ್ತಿದ್ದ. ಕೈ ಕೆಲಸದಲ್ಲಿತ್ತು. ನಾನು ಮೊಳೆ ಎತ್ತಿಕೊಡುತ್ತಾ ಕೇಳಿದೆ.

"ಅಪ್ಪಾ, ತಮಟೆ ಯಾಕೆ ಬಿಟ್ಟೆ?"

"ಬಿಡ್ಲಿಲ್ಲ. ತಗುಲಾಕಿ ಬಂದೆ."

"ಎಲ್ಲಿಗೆ?"

"ಗೇಟ್‌ಗೆ. ಇನ್ನೊಂದು ಮೊಳೆ ಕೊಡು."

ಆಮೇಲೆ ಅಪ್ಪ ನನ್ನ ಮುಖ ನೋಡದೆ ಹೇಳಿದ. "ದೊಡ್ಮನೆ ಹುಡುಗ ಹೊಸ ಕಾರ್ ತಗೊಂಡು ಬರ್ತಿದ್ದ. ಊರ್ ಮುಂದಿಂದ ಅವರ ಮನೆ ಗೇಟ್ ತನಕ ಕಾರ್ ಮುಂದೆ ಬಾರಿಸ್ಕೊಂಡು ಬಾ ಅಂತ ಹೇಳಿಕಳ್ಸಿದ್ರು. ಬೆಳಿಗ್ಗೆ ಬೇರೆ ಕೆಲ್ಸ ಇತ್ತು. ಆಗಲ್ಲ ಅಂದೆ. ಆಗಲ್ಲ ಅನ್ನಕ್ಕೆ ನೀನ್ಯಾವನು, ಕರೆದಾಗ ಬರೋದು ನಿಮ್ ಕೆಲ್ಸ ಅಂದ್ರು. ತಮಟೆ ತಾನೇ ಬೇಕಾಗಿರೋದು, ತಗೊಳ್ಳಿ ಅಂತ ಅವರ ಗೇಟ್‌ಗೆ ತಗುಲಾಕಿ ಬಸ್ ಹತ್ತಿದೆ."

"ಆಮೇಲೆ?"

"ಆಮೇಲೇನು, ಗಿರಣಿಯವನು ನಮ್ ರಾಗಿ ಬೀಸ್ಲಿಲ್ಲ. ಅಂಗ್ಡಿಯವನು ಉಪ್ಪು ಕೊಡ್ಲಿಲ್ಲ. ಇಲ್ಲಿಗ್ ಬಂದ್ವಿ. ಇಲ್ಲಿ ಉಪ್ಪು ಎಲ್ಲ ಅಂಗ್ಡೀಲೂ ಸಿಗುತ್ತೆ."

ಅಂದು ನಕ್ಕ ಅತ್ತೆ. ಬೆಳಿಗ್ಗೆ ಏನು ಕೆಲಸ ಇತ್ತು ಅಂದರೆ "ಏನೋ ಇತ್ತು ಬಿಡು" ಅಂದ. ನಾನು ನಾಚಿಕೆ ಅಂದುಕೊಂಡಿದ್ದೆ. ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ, ನೋಡಿ, ಇವರು ನಮ್ಮಪ್ಪ ಅಂಜನಮೂರ್ತಿ ಎಂದು ಹೇಳಬೇಕು ಅನ್ನಿಸಿತು.

"ಹಂಗಾದ್ರೆ ನಾನೂ ಬಾರಿಸ್ಬಾರ್ದಾ?" ಅಂತ ಕೇಳಿದೆ.

"ನಿನ್ನ ಯಾರು ಕರೆದ್ರು?"

"ಯಾರೂ ಕರೀಲಿಲ್ಲ. ನಾನೇ ಹೆಸ್ರು ಕೊಟ್ಟೆ."

"ಅದಕ್ಕೆ ನಾನು ಬೇಡ ಅಂದಿದ್ನಾ? ಗೇಟ್ ಬೇಡ ಅಂದೆ."

ಈಗ ನನ್ನ ಕಷ್ಟ ನೋಡಿ. ತಮಟೆ ನನಗೆ ಬೇಕು. ಅಪ್ಪ ಯಾವುದಕ್ಕೆ ಬೆನ್ನು ತಿರುಗಿಸಿ ಬಂದನೋ ಅದೇ ಗೇಟಿನಲ್ಲಿ ನಾನು ನಿಲ್ಲುವುದಿಲ್ಲ. ಮೇಡಂ ಒಪ್ಪದಿದ್ದರೆ ತಂಡ ಬಿಡಬೇಕು. ಬಿಡುವುದನ್ನು ನೆನೆಸಿಕೊಂಡರೆ ಅಳು ಬರುತ್ತದೆ. ಆದರೂ ಕೇಳುತ್ತೇನೆ.

ಹೇಮಾ


ಸುರಪುರ
20 ಅಕ್ಟೋಬರ್ 2024

ನನ್ನ ಮುದ್ದು ಹೇಮಾ,

ಅಂತೂ ಬಾಯಿ ಬಿಟ್ಟನಲ್ಲ ನಿನ್ನ ಅಪ್ಪ. ಇನ್ನು ನನ್ನ ಬಾಯಿಗೂ ಬೀಗ ಇಲ್ಲ. ಅವನು ನುಂಗಿಕೊಂಡ ಆ "ಬೇರೆ ಕೆಲಸ" ಏನೆಂದು ನಾನು ಹೇಳುತ್ತೇನೆ. ಅವತ್ತು ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಮೊದಲ ದಿನ, ಕನ್ನಡ ಪತ್ರಿಕೆ. ಪರೀಕ್ಷೆ ಇದ್ದದ್ದು ಮಾಲೂರಿನಲ್ಲಿ. ನಮ್ಮೂರಿಂದ ಬೆಳಿಗ್ಗೆ ಇದ್ದದ್ದು ಒಂದೇ ಬಸ್ಸು. ಕಾರು ಬರುವ ಹೊತ್ತೂ ಅದೇ. ನನ್ನನ್ನು ಒಬ್ಬಳೇ ಕಳಿಸಬಹುದಿತ್ತು. ನಾನು ಅದುವರೆಗೆ ಊರು ಬಿಟ್ಟು ಹೋದವಳಲ್ಲ, ಬಹಳ ಹೆದರಿದ್ದೆ. ಅಣ್ಣ ಒಂದು ಕೈಯಲ್ಲಿ ತಮಟೆ, ಒಂದು ಕೈಯಲ್ಲಿ ನನ್ನ ಕೈ ಹಿಡಿದುಕೊಂಡು ಆ ಮನೆಯ ಮುಂದೆ ಹೋದ. ವಾಪಸ್ ಬರುವಾಗ ಒಂದು ಕೈ ಖಾಲಿ ಇತ್ತು. ಆ ಕೈಯಲ್ಲಿ ನನ್ನ ಪುಸ್ತಕದ ಚೀಲ ತೆಗೆದುಕೊಂಡ.

ನಾನು ಬರೆದು ಹೊರಬರುವತನಕ ಬಿಸಿಲಲ್ಲಿ ಹೊರಗೆ ನಿಂತಿದ್ದ. ಬಂದ ತಕ್ಷಣ ಕೇಳಿದ್ದು, "ಪ್ರಬಂಧ ಯಾವ್ದು ಬಂದಿತ್ತು?" ಎಂದು. ಆ ಪರೀಕ್ಷೆಯಿಂದ ನಾನು ಹಾಸ್ಟೆಲ್ ಸೇರಿದೆ, ಓದಿದೆ, ಈಗ ಇಲ್ಲಿ ಇಷ್ಟು ಹುಡುಗಿಯರ ಕೈಯಲ್ಲಿ ಕಾಗದ ಬರೆಸುತ್ತಿದ್ದೇನೆ. ಅದಕ್ಕೆ ಅವನು ಆ ಮಾತನ್ನು ನಿನಗೆ ಹೇಳಲಿಲ್ಲ. ಹೇಳಿದರೆ ನನ್ನ ಮೇಲೆ ಋಣ ಹೊರಿಸಿದ ಹಾಗಾಗುತ್ತದೆ ಎಂದು ಅವನ ಲೆಕ್ಕ. ನನಗೆ ಋಣ ಅನ್ನಿಸಿಲ್ಲ. ಅಂಥ ಅಣ್ಣ ಇದ್ದಾನೆ ಎನ್ನುವ ಸಂತೋಷ ಮಾತ್ರ ಇದೆ. ಈ ಸಂತೋಷವನ್ನು ಯಾರಿಗೂ ಹೇಳದೆ ಇಷ್ಟು ವರ್ಷ ಇಟ್ಟುಕೊಂಡಿದ್ದು ಸುಲಭವಾಗಿರಲಿಲ್ಲ.

ಈ ಕಾದಂಬರಿ ಓದಿದಾಗ ಬೈಲಪ್ಪನಲ್ಲಿ ನನಗೆ ಅಣ್ಣನೇ ಕಂಡ. ಮಾತು ತಪ್ಪದೆ ನಿನಗೆ ಹೇಳುವ ದಾರಿ ಸಿಕ್ಕಿತು ಎಂದು ಅಂಚೆಗೆ ಹಾಕಿದೆ. ವಾರ್ಡನ್ ಬುದ್ಧಿ, ಏನು ಮಾಡುವುದು.

ಮೇಡಂ ಹತ್ತಿರ ಹೋಗು. ಜಗಳ ಆಡಬೇಡ. ಅವರು ತಮಟೆಯನ್ನು ಪ್ರೀತಿಯಿಂದಲೇ ಕರೆತಂದಿದ್ದಾರೆ, ಎಲ್ಲಿ ನಿಲ್ಲಿಸಬೇಕು ಎಂದು ತಿಳಿದಿಲ್ಲ ಅಷ್ಟೇ. ತಿಳಿಸು. ತಿಳಿಸಿದ ಮೇಲೂ ಒಪ್ಪದಿದ್ದರೆ ಅಳುತ್ತಲೇ ಬಿಟ್ಟು ಬಾ. ನಾನು ನಿನ್ನ ಜೊತೆ ಇದ್ದೇನೆ.

ನಿನ್ನ ಅತ್ತೆ,
ಯಶೋದಾ


ಜೋಗುಪಾಳ್ಯ
1 ಡಿಸೆಂಬರ್ 2024

ಪ್ರೀತಿಯ ಅತ್ತೆಗೆ,

ಇಷ್ಟು ದಿನ ಬರೆಯದೆ ಇದ್ದದ್ದು ಕೋಪಕ್ಕಲ್ಲ. ಎಲ್ಲ ಮುಗಿಸಿ ಒಟ್ಟಿಗೇ ಬರೆಯೋಣ ಎಂದು ಕಾದಿದ್ದೆ.

ರೇವತಿ ಮೇಡಂ ಹತ್ತಿರ ಹೋದೆ. ಜೊತೆಗೆ ಸಿದ್ರಾನೂ ಬಂದಳು. ಗೇಟಿನಲ್ಲಿ ಬಾರಿಸಲ್ಲ ಮೇಡಂ, ಸ್ಟೇಜ್ ಮೇಲೆ ಬಾರಿಸ್ತೀವಿ ಅಂದೆ. "ಸ್ವಾಗತಕ್ಕೆ ತಮಟೆ ಇದ್ರೇನೇ ಕಳೆ ಕಣಮ್ಮ, ಇದು ನಮ್ಮ ಸಂಪ್ರದಾಯ" ಅಂದರು.

"ಮೇಡಂ, ಫಸ್ಟ್ ಇಯರ್‌ನವರು ವೀಣೆ ನುಡಿಸ್ತಿದ್ದಾರಲ್ಲ, ಅವರನ್ನೂ ಗೇಟಲ್ಲಿ ನಿಲ್ಲಿಸ್ತೀರಾ?" ಅಂತ ಕೇಳಿದೆ.

ಮೇಡಂ ಪೆನ್ನು ಕೆಳಗಿಟ್ಟು ನಮಗೆ ಕೂರಲು ಹೇಳಿದರು. ಆಮೇಲೆ ಅಪ್ಪನ ಕಥೆ ಹೇಳಿದೆ, ನೀವು ಬರೆದದ್ದನ್ನೂ ಸೇರಿಸಿ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟು ವರ್ಷ ಪಾಠ ಮಾಡಿದ್ದೀನಿ, ನಂಗಿದು ಹೊಳೀಲಿಲ್ಲ ನೋಡು" ಅಂದರು. ಅಲ್ಲೇ ಕಾರ್ಯಕ್ರಮದ ಪಟ್ಟಿಯಲ್ಲಿ ವೀಣೆಯ ಮುಂದಿನ ಜಾಗ ನಮಗೆ ಕೊಟ್ಟರು. ಹೊರಗೆ ಬಂದ ಮೇಲೆ ಸಿದ್ರಾ ಹೇಳಿದ್ದು: "ಒಳ್ಳೇದಾಯ್ತು ಯಾರ್. ಕಾರ್ ಮುಂದೆ ನಡ್ಕೊಂಡು ಬಾರ್ಸಿದ್ರೆ ಚಪ್ಪಲಿ ಕಿತ್ಕೊಂಡು ಹೋಗ್ತಿತ್ತು."

ಮೊನ್ನೆ ಶುಕ್ರವಾರ ಹಬ್ಬ. ಅತಿಥಿಗಳು ಗೇಟಿನಲ್ಲಿ ಕಾರಿಂದಿಳಿದು ಒಂದು ಗುಲಾಬಿ ತೆಗೆದುಕೊಂಡು ನಡೆದುಕೊಂಡು ಒಳಗೆ ಬಂದರು. ಏನೂ ಕಡಿಮೆಯಾದ ಹಾಗೆ ಕಾಣಲಿಲ್ಲ. ಅಂಗಡಿ ಬಿಟ್ಟು ಬರಕ್ಕಾಗಲ್ಲ ಎಂದಿದ್ದ ಅಪ್ಪ ನಾವು ಸ್ಟೇಜ್ ಹತ್ತುವಾಗ ಹಿಂದಿನ ಬಾಗಿಲ ಹತ್ತಿರ ನಿಂತಿದ್ದ. ಅಂಗಿಯ ಮೇಲೆ ಮರದ ಹೊಟ್ಟು. ನಾನು ನೋಡಿದೆ, ಒಂದು ಪೆಟ್ಟು ತಪ್ಪಿದೆ, ಆಮೇಲೆ ತಪ್ಪಲಿಲ್ಲ. ಒಂದು ಕುರ್ಚಿ ಖಾಲಿಯಾದಾಗ ಯಾರೂ ಹೇಳದೆಯೇ ಹೋಗಿ ಕೂತ. ಕೂತು ಮೊಣಕಾಲಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದ. ನನ್ನ ಜೀವನದಲ್ಲಿ ಇದಕ್ಕಿಂತ ಸಂತೋಷದ ದಿನ ನೆನಪಿಲ್ಲ.

ಮನೆಗೆ ಬಂದವನು ಹೊಗಳಲಿಲ್ಲ. ಬಾಬಾಸಾಹೇಬರ ಫೋಟೋದ ಪಕ್ಕದಲ್ಲಿ ಒಂದು ದೊಡ್ಡ ಮೊಳೆ ಹೊಡೆದ. "ತಮಟೆ ಕಾಲೇಜಿಂದು ಅಪ್ಪ, ಸೋಮವಾರ ವಾಪಸ್ ಕೊಡ್ಬೇಕು" ಅಂದೆ. "ಮೊಳೆ ನಮ್ದೇ ಅಲ್ವಾ" ಅಂದ.

ಪುಸ್ತಕವೂ ಮುಗಿಯಿತು. ಕೊನೆಯ ಪುಟದಲ್ಲಿ ನಿಜವಾಗಿಯೂ ಏನೂ ಇಲ್ಲ, ಚೆನ್ನಿ ದೊಡ್ಡವಳಾಗಿ ಅಪ್ಪನಿಗೆ ಊಟ ಬಡಿಸಿ "ಉಣ್ಣು" ಅನ್ನುತ್ತಾಳೆ. ನನಗೆ ಅದು ಇಷ್ಟವಾಯಿತು. ಈಗ ಪುಸ್ತಕ ಅಪ್ಪನ ಹತ್ತಿರ ಇದೆ. ಗಿರಾಕಿಗಳು ಇಲ್ಲದಾಗ ಓದುತ್ತಿದ್ದಾನೆ. ಎಂಟನೇ ಅಧ್ಯಾಯ ಮುಗಿಸಿ, ಈ ಕಾಗದದ ಕೆಳಗೆ ತಾನೂ ಎರಡು ಸಾಲು ಬರೆಯುತ್ತೇನೆ ಎಂದು ಪೆನ್ನು ಕೇಳಿದ್ದಾನೆ. ಕೊಡುತ್ತಿದ್ದೇನೆ.

ನಿಮ್ಮ,
ಹೇಮಾ


ಯಶೋದಾ,

ಹುಡುಗಿ ಬಾರಿಸಿದಳು. ತಮಟೆಯನ್ನು ಬೆಂಕಿಗೆ ಹಿಡಿದು ಸರಿಯಾಗಿ ಕಾಯಿಸಿರಲಿಲ್ಲ, ಆದರೂ ಕೈ ಚೆನ್ನಾಗಿದೆ. ನೀನು ಕಳಿಸಿದ ಪುಸ್ತಕ ಓದುತ್ತಿದ್ದೇನೆ. ನಿನ್ನ ಕಿಲಾಡಿತನ ಗೊತ್ತಾಯಿತು.

ಈ ಸಲ ರಜಕ್ಕೆ ಬಾ. ಅಷ್ಟರೊಳಗೆ ಒಂದು ತಮಟೆ ತಂದಿರುತ್ತೇನೆ. ಬಾರಿಸು ಅಂತ ಮಾತ್ರ ನೀನು ಕೇಳಬೇಡ. ನಾನಾಗಿಯೇ ಬಾರಿಸುತ್ತೇನೆ.

ಅಣ್ಣ